ಕೊನೇ ಬೋಗಿ ಬರೋವರೆಗೂ ರೈಲು ಬಂದಂಗಲ್ಲ

1/9

ಭಾನುವಾರದ ಸ್ಟೋರಿ ನೋಡಿ ತುಂಬಾ ಜನ ಮೆಸೇಜ್ ಮಾಡಿದ್ರಿ. ಎಲ್ಲರದ್ದೂ ಒಂದೇ ಪ್ರಶ್ನೆ: "ಮೆಡಲ್ ಫೋಟೋ ಎಲ್ಲೇ?" ಮೆಡಲ್ ಇಲ್ಲ. ಆದ್ರೆ ನೂರು ಕಿಲೋಮೀಟರ್ ತುಳಿದಿದ್ದು ನಿಜ. ಇವೆರಡೂ ಒಟ್ಟಿಗೆ ಹೆಂಗೆ ನಿಜ ಆಗುತ್ತೆ ಅಂತ ಹೇಳೋಕೆ ಒಂದು ಕ್ಯಾಪ್ಷನ್ ಸಾಲಲ್ಲ. ಅದಕ್ಕೇ ಒಂಬತ್ತು ಭಾಗ. ಪುರುಸೊತ್ತಾದಾಗ ಓದಿ.

ಮೊದಲು ಈ ಫೋಟೋಲಿರೋ ಸೈಕಲ್ ಪರಿಚಯ. ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟಿದ್ದು. 2006-07ರಲ್ಲಿ ಶುರುವಾದ ಯೋಜನೆ ಅದು. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ಕ್ಲಾಸಿನ ಮಕ್ಕಳಿಗೆ ಆಗ ಉಚಿತ ಸೈಕಲ್ ಕೊಡ್ತಿದ್ರು. ನಂಗೆ ಸಿಕ್ಕಿದ್ದು 2018ರಲ್ಲಿ. ಗೇರ್ ಇಲ್ಲ, ಮುಂದೆ ಬುಟ್ಟಿ ಇದೆ, ಎತ್ತಿದ್ರೆ ಸೊಂಟ ಹಿಡ್ಕೊಳ್ಳುತ್ತೆ. ನಾನು ದಿನಾ ಬೆಳಿಗ್ಗೆ ಇದರಲ್ಲೇ ನಮ್ಮೂರಿಂದ ಪಾಂಡವಪುರ ರೈಲ್ವೆ ಸ್ಟೇಷನ್‌ಗೆ ಹೋಗ್ತೀನಿ. ಅಲ್ಲಿ ನಿಲ್ಲಿಸಿ ಮೈಸೂರು ರೈಲು ಹತ್ತಿ ಕಾಲೇಜಿಗೆ ಬರ್ತೀನಿ, ಸಂಜೆ ವಾಪಸ್. ನನ್ನ ಮಟ್ಟಿಗೆ ಸೈಕಲ್ ಅಂದ್ರೆ ಹಾಬಿ ಅಲ್ಲ, ರೈಲು ತಪ್ಪದೇ ಇರೋದಕ್ಕೆ ಇರೋ ದಾರಿ.

ಹಿಂಗಿರೋವಾಗ ಒಂದು ಪೋಸ್ಟರ್ ಕಣ್ಣಿಗೆ ಬಿತ್ತು. ಮೈಸೂರಿಂದ ಮೇಲುಕೋಟೆ, ಅಲ್ಲಿಂದ ವಾಪಸ್ ಮೈಸೂರು. ನೂರು ಕಿಲೋಮೀಟರ್. ಕೆಳಗೆ ದಪ್ಪಕ್ಷರದಲ್ಲಿ "ಇದು ರೇಸ್ ಅಲ್ಲ, ಎಲ್ಲರಿಗೂ ಸೈಕಲ್ ಹಬ್ಬ, ಯಾವ ಸೈಕಲ್ ಆದರೂ ಸರಿ" ಅಂತ ಇತ್ತು. ರೂಟ್ ನೋಡಿದ್ರೆ ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ. ಅಂದ್ರೆ ನಮ್ಮೂರ ಕ್ರಾಸ್ ಮುಂದೇನೇ ಹೋಗುತ್ತೆ! ಫೀಸು 1,200 ರೂಪಾಯಿ. ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿ ಉಳಿಸಿದ್ದ ದುಡ್ಡು ಅದು. ಕಟ್ಟಿಬಿಟ್ಟೆ.

ಇವೆಂಟ್ ಹೆಸರು ಹೇಳಲ್ಲ, ಯಾರನ್ನೂ ಟ್ಯಾಗ್ ಮಾಡಲ್ಲ. ನಾನು ಬರೀತಾ ಇರೋದು ಒಬ್ಬರ ಮೇಲಿನ ಸಿಟ್ಟಿಗಲ್ಲ. ಒಂದು ಅಭಿಪ್ರಾಯ ಇದೆ, ಅದಕ್ಕೆ. "ಎಲ್ಲರಿಗೂ" ಅಂತ ಬೋರ್ಡ್ ಹಾಕಿದ ಮೇಲೆ ಅದನ್ನ ಅಳೀಬೇಕಾಗಿರೋದು ಮೊದಲು ಬಂದವರಿಂದ ಅಲ್ಲ, ಕೊನೇಲಿ ಬಂದವರಿಂದ.

2/9

ಶನಿವಾರವೇ ಸೈಕಲ್ ತುಳ್ಕೊಂಡು ಮೈಸೂರಿಗೆ ಬಂದು ಚಿಕ್ಕಮ್ಮನ ಮನೇಲಿ ಮಲಗಿದ್ದೆ. ಬೆಳಿಗ್ಗೆ ಐದೂವರೆಗೆಲ್ಲ ಗ್ರೌಂಡಲ್ಲಿದ್ದೆ. ಅಲ್ಲಿ ನೋಡಿದ ಸೈಕಲ್‌ಗಳ ಬಗ್ಗೆ ಏನು ಹೇಳಲಿ! ಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ಒಬ್ಬರ ಸೈಕಲ್ ರೇಟ್ ಕೇಳಿದೆ. ನನ್ನ ಮೂರು ವರ್ಷದ ಬಿಕಾಂ ಫೀಸ್, ರೈಲು ಪಾಸು, ಮಧ್ಯಾಹ್ನದ ಊಟ ಎಲ್ಲಾ ಸೇರಿಸಿದ್ರೂ ಅಷ್ಟಾಗಲ್ಲ. ಆದ್ರೆ ನಿಜ ಹೇಳಬೇಕು, ಯಾರೂ ನನ್ನ ಸೈಕಲ್ ನೋಡಿ ನಗಲಿಲ್ಲ. ಒಬ್ಬ ಅಂಕಲ್ ಬಂದು ಟೈರ್ ಒತ್ತಿ ನೋಡಿ, "ಗಾಳಿ ಕಮ್ಮಿ ಇದೆ ಕಣಮ್ಮ" ಅಂತ ಅವರೇ ಪಂಪ್ ಹೊಡೆದು ಕೊಟ್ರು. ಸೈಕಲ್ ತುಳಿಯೋ ಜನ ಒಳ್ಳೆಯವರು. ಈ ಮಾತನ್ನ ಕೊನೇವರೆಗೂ ನೆನಪಿಟ್ಟುಕೊಳ್ಳಿ.

ಆರು ಗಂಟೆಗೆ ಬಿಡ್ತೀವಿ ಅಂದಿದ್ರು. ಬಾವುಟ ತೋರಿಸೋಕೆ ಬರಬೇಕಾಗಿದ್ದ ಅತಿಥಿಗಳು ತಡವಾಗಿ ಬಂದ್ರು, ಬಂದವರು ಆರೋಗ್ಯದ ಬಗ್ಗೆ ಭಾಷಣ ಮಾಡಿದ್ರು. ನೂರಾರು ಜನ ಚಳೀಲಿ ಒಂದು ಕಾಲು ಪೆಡಲ್ ಮೇಲಿಟ್ಕೊಂಡು ಆರೋಗ್ಯದ ಬಗ್ಗೆ ಕೇಳಿಸ್ಕೊಂಡ್ವಿ. ಹೊರಟಾಗ 6:25. ನಿಯಮದ ಪ್ರಕಾರ ಮುಗಿಸೋಕೆ ಏಳು ಗಂಟೆ ಟೈಮು, ಅಂದ್ರೆ ಮಧ್ಯಾಹ್ನ 1:25 ಆಗಬೇಕು. ಮೈಕಲ್ಲಿ ಹೇಳಿದ್ದು ಮಾತ್ರ "ಒಂದು ಗಂಟೆಗೆ ಕ್ಲೋಸ್". ಭಾಷಣದ 25 ನಿಮಿಷ ನಮ್ಮ ಲೆಕ್ಕಕ್ಕೆ ಬಿತ್ತು.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಮೂರೂವರೆ ಗಂಟೇಲಿ ಮುಗಿಸೋರಿಗೆ ಆ 25 ನಿಮಿಷ ಏನೂ ಅಲ್ಲ. ಏಳು ಗಂಟೆ ಪೂರ್ತಿ ಬೇಕಾದವರಿಗೆ ಮಾತ್ರ ಅದು ಏಟು. ತಡ ಮಾಡಿದವರು ಒಬ್ಬರು, ದಂಡ ಕಟ್ಟಿದವರು ಹಿಂದೆ ಇದ್ದವರು. ಇಡೀ ದಿನ ಇದೇ ಮತ್ತೆ ಮತ್ತೆ ಆಯ್ತು.

ಆದ್ರೂ ಮೊದಲ ಒಂದು ಗಂಟೆ ನನ್ನ ಜೀವನದಲ್ಲೇ ಚೆನ್ನಾಗಿತ್ತು. ದಿನಾ ರೈಲಿನ ಕಿಟಕೀಲಿ ನೋಡೋ ಕಾವೇರಿಯನ್ನ ಸೈಕಲ್ ಮೇಲೆ ದಾಟಿದೆ. ಶ್ರೀರಂಗಪಟ್ಟಣದ ಹತ್ರ ಮಂಜು ಇತ್ತು. ಮುಂದೆ ಹಿಂದೆ ಬರೀ ಸೈಕಲ್ ಚೈನಿನ ಸದ್ದು. ಹಿಂದಿಂದ ಲಾರಿ ಹಾರ್ನ್ ಹೊಡೆದ್ರೆ ಮಣ್ಣಿಗೆ ಇಳೀಬೇಕು ಅನ್ನೋ ದಿನದ ಭಯ ಆ ಒಂದು ಗಂಟೆ ಇರಲಿಲ್ಲ. ನನ್ನಂಥವಳಿಗೆ ಇಂಥ ಇವೆಂಟ್ ಯಾಕೆ ಬೇಕು ಅಂತ ಕೇಳೋರಿಗೆ ಇದೇ ನನ್ನ ಉತ್ತರ.

3/9

ಪಾಂಡವಪುರ ದಾಟಿದ ಮೇಲೆ ನಮ್ಮೂರ ಕ್ರಾಸು. ಅಮ್ಮ, ದೊಡ್ಡಮ್ಮ, ಪಕ್ಕದ ಮನೆ ಅಜ್ಜಿ, ನನ್ನ ಟ್ಯೂಷನ್ ಮಕ್ಕಳು ಎಲ್ಲಾ ಏಳು ಗಂಟೆಯಿಂದ ರೋಡ್ ಪಕ್ಕ ನಿಂತಿದ್ರಂತೆ. ಮಕ್ಕಳು "ಮಿಸ್ಸು ಬಂದ್ರು, ಮಿಸ್ಸು ಬಂದ್ರು" ಅಂತ ಕೂಗಿದ್ದು ಈಗಲೂ ಕಿವೀಲಿದೆ. ಅಮ್ಮ ಹತ್ರ ಬಂದು ನನ್ನ ಎದೆ ಮೇಲಿನ ನಂಬರ್ ಮುಟ್ಟಿ ನೋಡಿದ್ರು. "ಬರೋವಾಗ ಮಜ್ಜಿಗೆ ತಂದಿರ್ತೀನಿ, ಹುಷಾರು" ಅಂದ್ರು.

ಅಲ್ಲಿಂದ ಮುಂದೆ ಕಬ್ಬಿನ ಗದ್ದೆ, ನಾಲೆ, ಆಲೆಮನೆ ಹೊಗೆ. ಬೆಲ್ಲ ಕಾಯಿಸೋ ವಾಸನೆಗೇ ಅರ್ಧ ಹೊಟ್ಟೆ ತುಂಬುತ್ತೆ. ಜಕ್ಕನಹಳ್ಳಿವರೆಗೂ ಹೆಂಗೋ ಬಂದೆ. ಅಲ್ಲಿಂದ ಮೇಲುಕೋಟೆ ಏರು. ಗೇರ್ ಇಲ್ಲದ ಸೈಕಲ್‌ಗೆ ಏರು ಅಂದ್ರೆ ಏನು ಅಂತ ತುಳಿದವರಿಗೇ ಗೊತ್ತು. ಸೀಟಿಂದ ಎದ್ದು ನಿಂತು ತುಳಿದೆ, ಆಮೇಲೆ ಇಳಿದು ತಳ್ಕೊಂಡು ಹೋದೆ. ತಳ್ಳೋದಕ್ಕೆ ನಾಚಿಕೆ ಏನಿಲ್ಲ. ನಮ್ಮೂರಲ್ಲಿ ಹಾಲಿನ ಕ್ಯಾನ್ ಕಟ್ಕೊಂಡು ಹೋಗೋರು ಏರಲ್ಲಿ ತಳ್ಳೇ ತಳ್ತಾರೆ.

ಮೇಲೆ ತಲುಪಿದಾಗ ಹತ್ತು ಗಂಟೆ. ಯೋಗನರಸಿಂಹನ ಬೆಟ್ಟಕ್ಕೆ ಅಲ್ಲಿಂದಲೇ ಕೈ ಮುಗಿದೆ. ರೆಸ್ಟ್ ಪಾಯಿಂಟ್‌ಗೆ ಹೋದ್ರೆ ಟೇಬಲ್ ಮಡಚ್ತಾ ಇದ್ರು. ಬಾಳೆಹಣ್ಣು ಖಾಲಿ, ಸಿಪ್ಪೆ ಮಾತ್ರ ರಾಶಿ. ನೀರಿನ ಕ್ಯಾನ್ ಬೋರಲು. ಅಲ್ಲಿದ್ದ ವಾಲಂಟಿಯರ್ ಹುಡುಗಿ ನಮ್ಮ ವಯಸ್ಸಿನವಳೇ, ಬೇರೆ ಕಾಲೇಜಿನವಳು. "ಸಾರಿ ಕಣೇ, ಎಲ್ಲಾ ಮುಗ್ದೋಯ್ತು" ಅಂತ ತನ್ನ ಬ್ಯಾಗಿಂದ ಸ್ವಂತ ಬಾಟಲಿ ತೆಗೆದು ಅರ್ಧ ನೀರು ನನ್ನ ಬಾಟಲಿಗೆ ಸುರಿದ್ಲು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಂದವಳಂತೆ, ತಿಂಡೀನೇ ತಿಂದಿರಲಿಲ್ಲ.

ಯೋಚನೆ ಮಾಡಿ. ಹೆಚ್ಚು ನೀರು ಯಾರಿಗೆ ಬೇಕು? ಏಳೂಮುಕ್ಕಾಲಿಗೆ ತಣ್ಣಗಿನ ಗಾಳೀಲಿ ಬೆಟ್ಟ ಹತ್ತಿ, ಹತ್ತು ಗಂಟೆ ಒಳಗೆ ಮೈಸೂರಿಗೆ ವಾಪಸ್ ಹೋಗೋರಿಗಾ? ಹನ್ನೆರಡು ಗಂಟೆ ಬಿಸಿಲಲ್ಲಿ ಇನ್ನೂ ರೋಡಲ್ಲೇ ಇರೋರಿಗಾ? ಎಲ್ಲಾ ರೆಸ್ಟ್ ಪಾಯಿಂಟ್‌ಲೂ ಮೊದಲು ಬಂದವರು ಎರಡೆರಡು ಹಣ್ಣು ತಗೊಂಡ್ರೆ ತಪ್ಪು ಅವರದ್ದಲ್ಲ, ಅವರಿಗೆ ಗೊತ್ತಾಗಲ್ಲ. ಹಿಂದಿನವರಿಗೆ ಅಂತ ಒಂದು ಕ್ಯಾನ್, ಎರಡು ಚಿಪ್ಪು ಬಾಳೆಹಣ್ಣು ಎತ್ತಿಡಬೇಕಾಗಿದ್ದು ಪ್ಲಾನ್ ಮಾಡಿದವರ ಕೆಲಸ.

4/9

ಇಳಿಜಾರಲ್ಲಿ ಸಲೀಸಾಗಿ ಬಂದೆ. ಜಕ್ಕನಹಳ್ಳಿ ದಾಟಿ ಸ್ವಲ್ಪ ದೂರಕ್ಕೆ ಚೈನ್ ಕಳಚ್ತು. ಕೂತು ಹಾಕ್ಕೊಳ್ತಾ ಇದ್ದೆ, ಹಿಂದೆ ಒಂದು ವ್ಯಾನ್ ಬಂದು ನಿಂತ್ತು. ಮೇಲೆ ಐದಾರು ಸೈಕಲ್ ಕಟ್ಟಿತ್ತು. ಒಳಗೆ ಜನ ಕೂತಿದ್ರು, ಯಾರೂ ಮಾತಾಡ್ತಾ ಇರಲಿಲ್ಲ. ಬೆಳಿಗ್ಗೆ ನನ್ನ ಟೈರಿಗೆ ಗಾಳಿ ಹೊಡೆದ ಅಂಕಲ್ ಕೂಡ ಅದರಲ್ಲೇ ಇದ್ರು, ಕಿಟಕಿ ಆಚೆ ನೋಡ್ತಾ.

"ಸಿಸ್ಟರ್, ಗಾಡಿ ಹತ್ಬಿಡಿ. ಟೈಮಿಗೆ ಆಗಲ್ಲ."

"ಅಣ್ಣಾ, ಇನ್ನೂ ಹನ್ನೊಂದು ಗಂಟೆ. ನಾನು ತುಳೀತೀನಿ."

"ಈ ಸ್ಪೀಡಲ್ಲಿ ಒಂದು ಗಂಟೆಗೆ ಮೈಸೂರು ಮುಟ್ಟಲ್ಲ. ನಾವು ರೂಟ್ ಕ್ಲಿಯರ್ ಮಾಡ್ಬೇಕು."

"ಮುಂದೆ ನಮ್ಮೂರ ಕ್ರಾಸ್ ಇದೆ ಅಣ್ಣಾ. ಅಮ್ಮ ಕಾಯ್ತಿರ್ತಾರೆ. ನಾನು ವ್ಯಾನಲ್ಲಿ ಹೋಗೋಕಾಗಲ್ಲ."

ಅವರಿಗೂ ಮೇಲಿಂದ ಫೋನ್ ಬರ್ತಾನೇ ಇತ್ತು. ಕೊನೆಗೆ ಅಂದ್ರು: "ಹತ್ತಲ್ಲ ಅಂದ್ರೆ ನಂಬರ್ ಬಿಚ್ಕೊಡಿ. ಇನ್ಮೇಲೆ ನಿಮ್ಮ ಜವಾಬ್ದಾರಿ ನಮ್ದಲ್ಲ."

ಬಿಚ್ಚಿ ಕೊಟ್ಟೆ. ನಾಲ್ಕು ಪಿನ್ ಇತ್ತು, ಕೈ ಎಲ್ಲಾ ಗ್ರೀಸು, ಟೈಮ್ ಹಿಡೀತು. ಆ ನಾಲ್ಕು ಪಿನ್ ಬಿಚ್ಚೋಷ್ಟು ಹೊತ್ತು ಅವರು ಎಂಜಿನ್ ಆಫ್ ಮಾಡಲಿಲ್ಲ.

ಕ್ರಾಸಲ್ಲಿ ಅಮ್ಮ ಒಬ್ಬರೇ ಇದ್ರು. ಬಿಸಿಲಿಗೆ ಬೇರೆಯವರೆಲ್ಲ ಹೋಗಿದ್ರು. ಚೊಂಬಲ್ಲಿ ಮಜ್ಜಿಗೆ, ಮೇಲೆ ತಟ್ಟೆ ಮುಚ್ಚಿತ್ತು. ಕುಡೀತಾ ಇರೋವಾಗ ಕೇಳಿದ್ರು, "ನಂಬರ್ ಎಲ್ಲೋಯ್ತು?"

"ಗಾಳಿಗೆ ಹಾರೋಯ್ತು ಕಣಮ್ಮ."

ಅಮ್ಮಂಗೆ ಸುಳ್ಳು ಹೇಳಿದೆ. ಇಡೀ ದಿನದಲ್ಲಿ ನಂಗೆ ತುಂಬಾ ಕಷ್ಟ ಆಗಿದ್ದು ಮೇಲುಕೋಟೆ ಏರಲ್ಲ, ಇದು. ನಾನೇನೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಅನ್ನಿಸ್ತು. ಪರೀಕ್ಷೇಲಿ ಕಾಪಿ ಹೊಡೆದವರ ಪೇಪರ್ ಕಿತ್ಕೊಳ್ತಾರಲ್ಲ, ಹಾಗೆ. ನಿಧಾನಕ್ಕೆ ಹೋಗೋದು ಯಾವಾಗಿಂದ ತಪ್ಪಾಯ್ತು?

5/9

ಆ ವ್ಯಾನ್ ಬಗ್ಗೆ ಆಮೇಲೆ ಓದಿದೆ. ಅದಕ್ಕೆ ದೊಡ್ಡ ಇತಿಹಾಸ ಇದೆ. ಫ್ರಾನ್ಸಿನ ಟೂರ್ ಡಿ ಫ್ರಾನ್ಸ್ ರೇಸಲ್ಲಿ 1910ರಲ್ಲಿ, ಮೊದಲ ಸಲ ಪಿರನೀಸ್‌ನ ದೊಡ್ಡ ಬೆಟ್ಟಗಳನ್ನ ಹತ್ತಿಸಿದ ವರ್ಷ, ಹಿಂದೆ ಉಳಿದವರನ್ನ ಕರ್ಕೊಂಡು ಬರೋಕೆ ಒಂದು ಗಾಡಿ ಇಟ್ರು. ಹೆಸರು "ಪೊರಕೆ ಗಾಡಿ". ಗುಡಿಸ್ಕೊಂಡು ಬರುತ್ತೆ ಅಂತ ಅದಕ್ಕೆ ನಿಜವಾದ ಪೊರಕೇನೇ ಕಟ್ತಾ ಇದ್ರು. ಅಲ್ಲೂ ರೇಸ್ ಬಿಟ್ಟವರ ನಂಬರ್ ಬಿಚ್ಕೊಳ್ತಾರೆ.

ಆದ್ರೆ ಅದು ರೇಸು. ಅವರು ಸಂಬಳಕ್ಕೆ ತುಳಿಯೋರು. ನಾವು ದುಡ್ಡು ಕೊಟ್ಟು ತುಳಿಯೋರು. ಅವರ ಪೊರಕೆ ತಂದು "ರೇಸ್ ಅಲ್ಲ" ಅಂತ ಬೋರ್ಡ್ ಹಾಕಿದ ಜಾಗದಲ್ಲಿ ಗುಡಿಸಿದ್ರೆ ಹೆಂಗೆ?

ತಮಾಷೆ ಏನು ಗೊತ್ತಾ? ಅದೇ ರೇಸಲ್ಲಿ ಎಲ್ಲರಿಗಿಂತ ಕೊನೇಲಿ ಮುಗಿಸಿದವನಿಗೂ ಒಂದು ಹೆಸರಿದೆ: ಲಾಂತೆರ್ನ್ ರೂಜ್, ಅಂದ್ರೆ ಕೆಂಪು ಲಾಟೀನು. ರೈಲಿನ ಕೊನೇ ಬೋಗಿಗೆ ನೇತು ಹಾಕೋ ಕೆಂಪು ದೀಪ. ಜನ ಅವನನ್ನೂ ಹುಡುಕಿ ಚಪ್ಪಾಳೆ ಹೊಡೀತಾರೆ.

ಇದನ್ನ ಓದಿ ನಂಗೆ ನಮ್ಮ ಪಾಂಡವಪುರ ಸ್ಟೇಷನ್ ನೆನಪಾಯ್ತು. ರೈಲಲ್ಲಿ ಓಡಾಡೋರು ಗಮನಿಸಿರ್ತೀರಾ, ಕೊನೇ ಬೋಗಿ ಹಿಂದೆ ದೊಡ್ಡದಾಗಿ ಎಕ್ಸ್ ಗುರುತು, ಎಲ್.ವಿ. ಅಂತ ಒಂದು ಚಿಕ್ಕ ಬೋರ್ಡು, ರಾತ್ರಿ ಹೊತ್ತು ಕೆಂಪು ದೀಪ ಇರುತ್ತೆ. ಎಲ್.ವಿ. ಅಂದ್ರೆ ಲಾಸ್ಟ್ ವೆಹಿಕಲ್. ನಮಗೆ ರೈಲು ಬಂತು ಅಂದ್ರೆ ಎಂಜಿನ್ ಕಾಣಿಸ್ತು ಅಂತ. ಸ್ಟೇಷನ್‌ನವರಿಗೆ ಹಾಗಲ್ಲ. ಅವರು ಆ ಕೊನೇ ಬೋಗಿಯ ಗುರುತು ನೋಡ್ತಾರೆ. ಅದು ಕಂಡ್ರೆ ಮಾತ್ರ ರೈಲು ಪೂರ್ತಿ ಬಂತು ಅಂತ ಲೆಕ್ಕ. ಕಾಣಲಿಲ್ಲ ಅಂದ್ರೆ ಯಾವುದೋ ಬೋಗಿ ಹಿಂದೆ ಕಳಚಿ ನಿಂತಿರಬಹುದು ಅಂತ ಅನುಮಾನ. ಆ ಲೈನಲ್ಲಿ ಇನ್ನೊಂದು ರೈಲನ್ನ ಬಿಡಲ್ಲ.

ಎಷ್ಟು ಸರಳ ನೋಡಿ. ಎಂಜಿನ್ ಬಂದ್ರೆ ರೈಲು ಬಂದಂಗಲ್ಲ. ಕೊನೇ ಬೋಗಿ ಬಂದ್ರೆ ರೈಲು ಬಂದಂಗೆ.

6/9

ಈಗ ಮೈಸೂರಿಗೆ ಬರೋಣ. ವಾಪಸ್ ಬರೋವಾಗ ರೋಡಲ್ಲಿ ಬಾಣದ ಗುರುತಿನ ಬೋರ್ಡ್‌ಗಳನ್ನ ಆಗಲೇ ತೆಗೆದಿದ್ರು. ನಂಗೆ ದಾರಿ ಗೊತ್ತಿತ್ತು, ಸರಿ. ಹೊರಗಿನವರಾಗಿದ್ರೆ? ಶ್ರೀರಂಗಪಟ್ಟಣದ ಹತ್ರ ಕಬ್ಬಿನ ಹಾಲಿನ ಅಂಗಡೀಲಿ ಒಂದು ಲೋಟ ಕುಡಿದೆ. ಅಂಗಡಿಯವರು "ಸೈಕಲ್‌ನೋರೆಲ್ಲ ಅವಾಗಲೇ ಹೋದ್ರಲ್ಲವ್ವ" ಅಂದ್ರು. ಆಮೇಲೆ ಸರ್ವಿಸ್ ರೋಡ್, ದಿನದ ಹಾಗೇ ಲಾರಿ, ಬಸ್ಸು, ಹಾರ್ನ್.

ಗ್ರೌಂಡ್ ಒಳಗೆ ಹೋದಾಗ 1:48. ಬೆಳಿಗ್ಗೆ ಇದ್ದ ದೊಡ್ಡ ಕಮಾನಿನ ಗಾಳಿ ಬಿಟ್ಟಿದ್ರು. ನೆಲದ ಮೇಲೆ ಮಲಗಿತ್ತು, ಇಬ್ಬರು ಸುತ್ತಿ ಕಟ್ತಾ ಇದ್ರು. ಫಿನಿಷ್ ಲೈನ್ ಅಂತ ಇದ್ದಿದ್ದು ಸುಣ್ಣದ ಗೆರೆ ಮಾತ್ರ, ಅದನ್ನೇ ದಾಟಿದೆ. ಈ ಭಾಗದ ಫೋಟೋ ಅದೇ. ನಾನೇ ತೆಗ್ಕೊಂಡಿದ್ದು, ಬೇರೆ ಯಾರೂ ಇರಲಿಲ್ಲ.

ಖಾಲಿ ಬಾಟಲಿ ಹೆಕ್ಕೋ ಒಬ್ಬರು ಅಕ್ಕ ಇದ್ರು. ನನ್ನ ನೋಡಿ, "ಎಲ್ಲಾ ಮುಗುದ್ಮೇಲೆ ಬಂದ್ಯಲ್ಲವ್ವ, ಊಟ ಮಾಡಿದ್ಯಾ?" ಅಂದ್ರು. ಉಳಿದಿದ್ದ ಒಂದು ಉಪ್ಪಿಟ್ಟಿನ ಡಬ್ಬ ಅವರು ಮನೆಗೆ ಅಂತ ಎತ್ತಿಟ್ಟಿದ್ರು. ಅದನ್ನ ತೆಗೆದು ಅರ್ಧ ಮಾಡಿ ಕೊಟ್ರು. ಇಬ್ಬರೂ ಕಟ್ಟೆ ಮೇಲೆ ಕೂತು ತಿಂದ್ವಿ. ಸತ್ಯವಾಗಲೂ ಹೇಳ್ತೀನಿ, ಅಷ್ಟು ರುಚಿಯಾದ ತಣ್ಣಗಿನ ಉಪ್ಪಿಟ್ಟು ನಾನು ತಿಂದಿಲ್ಲ.

ಎರಡು ದಿನ ಬಿಟ್ಟು ರಿಸಲ್ಟ್ ಪಟ್ಟಿ ಬಂತು. ನನ್ನ ಹೆಸರಿನ ಮುಂದೆ ಡಿ.ಎನ್.ಎಫ್. ಅಂದ್ರೆ "ಡಿಡ್ ನಾಟ್ ಫಿನಿಷ್". ಮುಗಿಸಲಿಲ್ಲ ಅಂತ.

ನನ್ನ ತಕರಾರು ಇರೋದು ಈ ಮೂರು ಅಕ್ಷರಕ್ಕೆ. ಟೈಮ್ ಮೀರಿತು ಅಂತ ಬರೀರಿ, ಒಪ್ಕೊಳ್ತೀನಿ. ಮೆಡಲ್ ಕೊಡಬೇಡಿ, ಅದನ್ನೂ ಒಪ್ಕೊಳ್ತೀನಿ. ಟೂರ್ ಡಿ ಫ್ರಾನ್ಸಲ್ಲೂ ಅರ್ಧಕ್ಕೆ ಬಿಟ್ಟವರು ಬೇರೆ, ಮುಗಿಸಿಯೂ ಟೈಮ್ ಮೀರಿದವರು ಬೇರೆ; ಎರಡಕ್ಕೂ ಬೇರೆ ಬೇರೆ ಗುರುತು ಹಾಕ್ತಾರೆ. ಆದ್ರೆ "ಮುಗಿಸಲಿಲ್ಲ" ಅನ್ನೋದು ಸುಳ್ಳು. ನಾನು ಮುಗಿಸಿದೀನಿ. ನೋಡೋಕೆ ನೀವಿರಲಿಲ್ಲ.

7/9

ಸ್ಟೋರಿ ಹಾಕಿದಾಗ ಬಂದ ಕೆಲವು ಮಾತಿಗೆ ಉತ್ತರ ಕೊಡ್ತೀನಿ. ಅವೂ ನ್ಯಾಯವಾದ ಮಾತೇ.

"ರೂಲ್ ಅಂದ್ರೆ ರೂಲು. ಏಳು ಗಂಟೆ ಅಂತ ಗೊತ್ತಿದ್ದೇ ತಾನೇ ಸೇರಿದ್ದು?" ಹೌದು, ಗೊತ್ತಿತ್ತು. ಭಾಷಣದ 25 ನಿಮಿಷ ಬಿಟ್ಟುಕೊಟ್ಟಿದ್ರೂ ನಾನು 23 ನಿಮಿಷ ಲೇಟು. ಕಟ್-ಆಫ್ ಇರಲೇಬೇಕು. ಪೊಲೀಸರು ಇಡೀ ದಿನ ಬಂದೋಬಸ್ತ್ ಮಾಡೋಕಾಗಲ್ಲ. ಕಬ್ಬಿನ ಟ್ರ್ಯಾಕ್ಟರ್‌ನವರು, ಸಂತೆಗೆ ಹೋಗೋರು, ಆಸ್ಪತ್ರೆಗೆ ಹೋಗೋರು, ಅವರದ್ದೂ ರೋಡು. ಟೈಮ್ ಆದ ಮೇಲೆ ಬಂದೋಬಸ್ತ್ ಇಲ್ಲ, ನಿಮ್ಮ ಪಾಡಿಗೆ ಎಡಗಡೆ ಬನ್ನಿ ಅಂದ್ರೆ ಸರಿ. ರೋಡ್ ತೆರೆಯೋದು ಬೇರೆ, ಸೇರಿಸ್ಕೊಂಡವರನ್ನ ಕೈಬಿಡೋದು ಬೇರೆ.

"ಪ್ರಾಕ್ಟೀಸ್ ಮಾಡ್ಬೇಕಿತ್ತು, ಒಳ್ಳೆ ಸೈಕಲ್ ತರಬೇಕಿತ್ತು." ಪ್ರಾಕ್ಟೀಸ್ ದಿನಾ ನಡೀತಾನೇ ಇದೆ. ಒಳ್ಳೆ ಸೈಕಲ್ ಕಡ್ಡಾಯ ಅಂದ್ರೆ ಪೋಸ್ಟರಲ್ಲೇ ಹಾಕಿ, ನನ್ನ 1,200 ಉಳಿಯೋದು.

"ವಾಲಂಟಿಯರ್ಸ್ ಪಾಪ, ಅವರಿಗೆಷ್ಟು ಕಷ್ಟ ಗೊತ್ತಾ?" ಗೊತ್ತು. ನಂಗೆ ನೀರು ಕೊಟ್ಟಿದ್ದು ವಾಲಂಟಿಯರೇ. ವ್ಯಾನಿನ ಅಣ್ಣನೂ ಹೇಳಿದ ಕೆಲಸ ಮಾಡಿದ್ದು. ನಾನು ಮಾತಾಡ್ತಿರೋದು ತಿಂಗಳ ಮೊದಲೇ ಟೇಬಲ್ ಮುಂದೆ ಕೂತು ಪ್ಲಾನ್ ಮಾಡಿದವರ ಬಗ್ಗೆ.

ಈಗ ನಮ್ಮ ಬಿಕಾಂ ಭಾಷೇಲಿ. ಮೊದಲ ಸೆಮಿಸ್ಟರ್ ಅಕೌಂಟ್ಸ್ ನೆನಪಿದೆಯಾ? ಇನ್‌ಕಮ್ ರಿಸೀವ್ಡ್ ಇನ್ ಅಡ್ವಾನ್ಸ್. ಮುಂಗಡವಾಗಿ ಬಂದ ದುಡ್ಡು ಆದಾಯ ಅಲ್ಲ, ಅದು ಲಯಬಿಲಿಟಿ. ಸೇವೆ ಕೊಟ್ಟ ಮೇಲೇ ಅದು ಆದಾಯ. ಮೊದಲು ಬಂದವರೂ 1,200 ಕೊಟ್ರು, ನಾನೂ 1,200 ಕೊಟ್ಟೆ. ಅವರಿಗೆ ಹಣ್ಣು, ನೀರು, ಬಾಣ, ಕಮಾನು, ಮೆಡಲ್, ಫೋಟೋ ಎಲ್ಲಾ ಸಿಕ್ತು. ನಂಗೆ ಸಿಕ್ಕಿದ್ದು ಟೀಶರ್ಟು. ನನ್ನ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಅವರ ಪುಸ್ತಕದಲ್ಲಿ ಇನ್ನೂ ಸಾಲವಾಗೇ ಇದೆ. ಯಾವ ಆಡಿಟರ್ ಬೇಕಾದ್ರೂ ಬರಲಿ, ವಾದ ಮಾಡ್ತೀನಿ!

8/9

"ಹಂಗಾದ್ರೆ ಬೇರೆ ಕಡೆ ಹೆಂಗೆ ಮಾಡ್ತಾರೆ?" ಅಂತ ಹುಡುಕಿದೆ. ಮೂರು ಸಿಕ್ತು.

ಒಂದು, ಬ್ರೆವೆ. ನಮ್ಮ ಬೆಂಗಳೂರು, ಹುಬ್ಬಳ್ಳಿ ಕಡೆಯೂ ನಡೆಯುತ್ತೆ. 200 ಕಿಲೋಮೀಟರ್‌ಗೆ ಹದಿಮೂರೂವರೆ ಗಂಟೆ ಟೈಮು. ಮೊದಲನೆಯವರು, ಎರಡನೆಯವರು ಅನ್ನೋ ರ‍್ಯಾಂಕೇ ಇಲ್ಲ. ದಾರೀಲಿರೋ ಕಂಟ್ರೋಲ್‌ಗಳಿಗೆ ಮುಚ್ಚೋ ಟೈಮ್ ಇರೋ ಹಾಗೆ ತೆರೆಯೋ ಟೈಮೂ ಇದೆ, ತೀರಾ ಬೇಗ ಬಂದ್ರೂ ಕಾಯಬೇಕು. ಆದ್ರೆ ಅಲ್ಲಿ ಮೊದಲೇ ನೇರವಾಗಿ ಹೇಳ್ತಾರೆ: ನಿಮ್ಮ ನೀರು, ನಿಮ್ಮ ಊಟ, ನಿಮ್ಮ ಪಂಕ್ಚರ್ ನಿಮ್ಮದೇ ಜವಾಬ್ದಾರಿ. ಕಟ್ಟುನಿಟ್ಟು ಜಾಸ್ತಿ, ಆದ್ರೆ ಮೋಸ ಇಲ್ಲ. ಹೇಳಿದ್ದೇ ಮಾಡ್ತಾರೆ.

ಎರಡು, ಸ್ವೀಡನ್ನಿನ ವೆಟರ್ನ್‌ರುಂಡನ್. ವೆಟರ್ನ್ ಅನ್ನೋ ದೊಡ್ಡ ಸರೋವರದ ಸುತ್ತ 315 ಕಿಲೋಮೀಟರ್, 1966ರಿಂದ ನಡೀತಾ ಇದೆ. ಸಾವಿರಾರು ಜನ. ಅವರನ್ನ ಒಂದೇ ಸಲಕ್ಕೆ ಬಿಡಲ್ಲ, ಚಿಕ್ಕ ಚಿಕ್ಕ ಗುಂಪು ಮಾಡಿ ಗಂಟೆಗಟ್ಟಲೆ ಸರದಿ ಪ್ರಕಾರ ಬಿಡ್ತಾರೆ. ಇದನ್ನ ನಾವು ಮಾಡಬಹುದಲ್ವಾ? ಫಾರ್ಮಲ್ಲೇ "ನಿಮಗೆ ಎಷ್ಟು ಗಂಟೆ ಬೇಕಾಗಬಹುದು?" ಅಂತ ಕೇಳಿ. ಏಳು ಗಂಟೆ ಅಂದವರನ್ನ ಬೆಳಗಾಗ್ತಿದ್ದ ಹಾಗೇ ಮೊದಲು ಬಿಡಿ, ಮೂರೂವರೆ ಗಂಟೆಯವರನ್ನ ಒಂದು ಗಂಟೆ ಬಿಟ್ಟು ಬಿಡಿ. ಭಾಷಣ ಕೇಳೋಕೂ ಅವರಿಗೆ ಟೈಮ್ ಇರುತ್ತೆ. ರೋಡ್ ಅದೇ ಹೊತ್ತಿಗೆ ತೆರೆಯುತ್ತೆ, ಖರ್ಚು ಅಷ್ಟೇ.

ಮೂರು, ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಸೈಕಲ್ ಟೂರ್. 1978ರಲ್ಲಿ ಐನೂರು ಚಿಲ್ಲರೆ ಜನರಿಂದ ಶುರುವಾಗಿದ್ದು. ಅದಕ್ಕೂ ಮುಂಚೆ ಊರಲ್ಲಿ ಸೈಕಲ್‌ಗೆ ದಾರಿ ಬೇಕು ಅಂತ ಜನ ಒಟ್ಟಾಗಿ ಸೈಕಲ್ ತುಳಿದು ಕೇಳಿದ್ರು, ಅದರ ಮುಂದುವರಿಕೆ ಇದು. ಇವತ್ತು 109 ಕಿಲೋಮೀಟರ್‌ಗೆ ಮೂವತ್ತು ಸಾವಿರದ ಹತ್ತಿರ ಜನ ಸೇರ್ತಾರೆ. ಅಂದ್ರೆ ಅದು ಹುಟ್ಟಿದ್ದೇ ದಿನಾ ಸೈಕಲ್ ತುಳಿಯೋರ ಬೇಡಿಕೆಯಿಂದ. ನಮ್ಮಲ್ಲಿ ಇವೆಂಟ್ ದಿನ ಹಾಲಿನವರನ್ನ, ಗಾರೆ ಕೆಲಸಕ್ಕೆ ಸೈಕಲ್ಲಲ್ಲಿ ಹೋಗೋರನ್ನ "ಸೈಡಿಗೆ ಹೋಗಿ" ಅಂತ ಸೀಟಿ ಹೊಡೆದು ಓಡಿಸಿದ್ದನ್ನ ನಾನೇ ನೋಡಿದೆ. ಸೈಕಲ್ ಹಬ್ಬದಲ್ಲಿ ಸೈಕಲ್‌ನವರಿಗೇ ಜಾಗ ಇಲ್ಲ!

9/9

ಹಾಗಾದ್ರೆ ನಾನು ಕೇಳ್ತಿರೋದು ಏನು? ದೊಡ್ಡದೇನಲ್ಲ.

ನಿಧಾನದವರನ್ನ ಮೊದಲು ಬಿಡಿ. ತಡವಾಗಿ ಬಿಟ್ರೆ ಅಷ್ಟು ನಿಮಿಷ ಕೊನೇಲಿ ಸೇರಿಸಿ. ಕೊನೇ ಐವತ್ತು ಜನಕ್ಕೆ ಅಂತ ನೀರು, ಹಣ್ಣು ಎತ್ತಿಡಿ. ವ್ಯಾನ್ ಬರಲಿ, ಆದ್ರೆ ಹತ್ತೋದು ಬಿಡೋದು ನಮಗೆ ಬಿಡಿ; ನಂಬರ್ ಕಿತ್ಕೊಳ್ಳೋ ಬದಲು ಫೋನ್ ನಂಬರ್ ಕೊಡಿ. ಫಿನಿಷಲ್ಲಿ ಕಮಾನು ಬೇಡ, ಎರಡು ಕುರ್ಚಿ, ಒಂದು ನೀರಿನ ಕ್ಯಾನ್, ಪಟ್ಟಿ ಹಿಡ್ಕೊಂಡ ಒಬ್ಬರು ಸಾಕು. ಕೊನೇ ಹೆಸರಿಗೆ ಟಿಕ್ ಬೀಳೋವರೆಗೂ ಅವರು ಏಳಬಾರದು. ಯಾರಾದ್ರೂ ಬಂದಿಲ್ಲ ಅಂದ್ರೆ ಫೋನ್ ಮಾಡಿ ಕೇಳಬೇಕು. ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ. ನಾನು ಶ್ರೀರಂಗಪಟ್ಟಣದ ಹತ್ರ ತಲೆ ಸುತ್ತಿ ಬಿದ್ದಿದ್ರೆ ಇವೆಂಟ್ ಲೆಕ್ಕದಲ್ಲಿ ನಾನು ಇರಲೇ ಇಲ್ಲ.

ಮೊನ್ನೆ ರಾತ್ರಿ ಅಮ್ಮಂಗೆ ನಿಜ ಹೇಳಿದೆ. ನಂಬರ್ ಗಾಳಿಗೆ ಹಾರಿಲ್ಲ, ಕಿತ್ಕೊಂಡ್ರು ಅಂತ. ಅಮ್ಮ ರೊಟ್ಟಿ ತಟ್ಟೋದು ನಿಲ್ಲಿಸಲಿಲ್ಲ. "ಮದುವೆ ಮನೆ ಅಡುಗೆ ಹೆಂಗಿತ್ತು ಅಂತ ಮೊದಲನೇ ಪಂಕ್ತೀಲಿ ಕೂತೋರನ್ನ ಯಾರು ಕೇಳ್ತಾರೆ? ಕೊನೇ ಪಂಕ್ತಿಗೆ ಪಾಯಸ ಇತ್ತಾ ಅಂತ ಕೇಳ್ಬೇಕು" ಅಂದ್ರು. ಆಮೇಲೆ, "ಅವತ್ತೇ ಹೇಳಿದ್ರೆ ಇನ್ನೊಂದು ಚೊಂಬು ಮಜ್ಜಿಗೆ ಕೊಡ್ತಿದ್ದೆ" ಅಂದ್ರು. ಒಂಬತ್ತು ಭಾಗದಲ್ಲಿ ನಾನು ಹೇಳಿದ್ದನ್ನ ಅಮ್ಮ ಒಂದು ರೊಟ್ಟಿ ಬೇಯೋ ಅಷ್ಟರಲ್ಲಿ ಹೇಳಿ ಮುಗಿಸಿದ್ರು.

ಮುಂದಿನ ವರ್ಷ ಮತ್ತೆ ಹೋಗ್ತೀಯಾ ಅಂತ ಕೇಳ್ತೀರಿ. ಹೋಗ್ತೀನಿ. ಕಾವೇರಿ ಸೇತುವೆ ಮೇಲಿನ ಆ ಬೆಳಿಗ್ಗೆಗೋಸ್ಕರ ಹೋಗ್ತೀನಿ. ಅದೇ ಸೈಕಲ್ಲಲ್ಲೇ. ಇದನ್ನೆಲ್ಲಾ ಮೇಲ್ ಮಾಡಿ ಅವರಿಗೂ ಕಳಿಸಿದೀನಿ. ಇನ್ನೂ ಉತ್ತರ ಬಂದಿಲ್ಲ, ಬಂದ್ರೆ ಇಲ್ಲೇ ಹಾಕ್ತೀನಿ, ಒಳ್ಳೇದಾದ್ರೂ ಕೆಟ್ಟದಾದ್ರೂ.

ಅಲ್ಲಿವರೆಗೂ ನಾವೇ ಒಂದು ಮಾಡೋಣ. ಎಕ್ಸಾಮ್ ಮುಗಿದ ಮೇಲಿನ ಭಾನುವಾರ, ನಮ್ಮ ಕ್ಲಾಸಿನವರು, ಬೆಳಿಗ್ಗೆ ಆರಕ್ಕೆ, ಮೈಸೂರಿಂದ ಶ್ರೀರಂಗಪಟ್ಟಣ ಹೋಗಿ ವಾಪಸ್. ಫೀಸ್ ಇಲ್ಲ, ಮೆಡಲ್ ಇಲ್ಲ, ಭಾಷಣ ಅಂತೂ ಇಲ್ವೇ ಇಲ್ಲ. ಸೈಕಲ್ ಯಾವುದಾದ್ರೂ ತನ್ನಿ, ಅಪ್ಪನ ಹಳೇ ಸೈಕಲ್ ಆದ್ರೂ ಸರಿ. ತಿಂಡಿ ಎಲ್ಲರೂ ಬಂದ ಮೇಲೆ. ಬರೋರು ಕಾಮೆಂಟಲ್ಲಿ ಹೇಳಿ. "ನಾನು ತುಂಬಾ ನಿಧಾನ ಕಣೇ" ಅನ್ನೋರು ಮೊದಲು ಹೇಳಿ.

ಮುಂದೆ ಯಾರು ಬೇಕಾದ್ರೂ ಹೋಗಿ. ಎಲ್ಲರ ಹಿಂದೆ ನಾನಿರ್ತೀನಿ, ಬುಟ್ಟೀಲಿ ಪಂಪು, ನೀರು, ಒಂದು ಚಿಪ್ಪು ಬಾಳೆಹಣ್ಣು ಇಟ್ಕೊಂಡು.

#ಕೊನೇಬೋಗಿ #ಸರ್ಕಾರಿಸೈಕಲ್ #ಮೈಸೂರುಮೇಲುಕೋಟೆ #ನಿಧಾನಕ್ಕೆಬನ್ನಿ